ಟ್ರಂಕಿನ ಮೇಲೆ ಬರೆಸಿದ ಊರು

ನಾನು ನರ್ಸಿಂಗ್ ಕಲಿಯಲು ಇಂಗ್ಲೆಂಡಿಗೆ ಹೋಗುವುದನ್ನು ನಮ್ಮ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿದವರೆಲ್ಲ ನಾನು ಅತ್ತು ಕರೆದು, ಊಟ ಬಿಟ್ಟು ಒಪ್ಪಿಸಿರಬೇಕು ಅಂದುಕೊಳ್ಳುತ್ತಾರೆ. ಹಾಗೇನೂ ಆಗಲಿಲ್ಲ. ಹೋಗು ಅಂದರು. ಆದರೆ ಊರಿಗೆ ಗೊತ್ತಾಗದ ಹಾಗೆ ಹೋಗು ಅಂದರು. ನನ್ನ ಜಗಳವೆಲ್ಲ ಆ ಎರಡನೆಯ ಮಾತಿನ ಜೊತೆಗೆ.

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ಮೂರು. ದಾವಣಗೆರೆಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಎರಡು ವರ್ಷ ಸಹಾಯಕಿಯಾಗಿದ್ದೆ. ಅಲ್ಲಿಯ ಹಿರಿಯ ನರ್ಸಮ್ಮ ಒಬ್ಬರು, ಇಂಗ್ಲೆಂಡಿನ ಆಸ್ಪತ್ರೆಗಳು ಹುಡುಗಿಯರನ್ನು ಸೇರಿಸಿಕೊಂಡು ಮೂರು ವರ್ಷ ಕಲಿಸುತ್ತವೆ, ಊಟ ವಸತಿ ಕೊಟ್ಟು ಕೈಖರ್ಚಿಗೂ ಕೊಡುತ್ತವೆ ಎಂದು ಹೇಳಿ ತಾವೇ ಕೂತು ಅರ್ಜಿ ಬರೆಸಿದ್ದರು. ಸೀಟು ಸಿಕ್ಕಿತು. ಪಾಸ್‌ಪೋರ್ಟೂ ಬಂತು. ಆಗ ವಿಷಯ ದೊಡ್ಡಪ್ಪನ ಮುಂದೆ ಹೋಯಿತು.

ನಮ್ಮ ಮನೆ ಹರಿಹರದಲ್ಲಿ. ಅಪ್ಪ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸಿನ ಏಜೆಂಟ್. ದಾವಣಗೆರೆಯಿಂದ ಹರಿಹರಕ್ಕೆ ಬಂದು ಮಲೆಬೆನ್ನೂರಿಗೆ ಹೋಗುವ ಬಸ್ಸಿಗೆ ಟಿಕೆಟ್ ಹರಿಯುವುದು, ಮೇಲೆ ಏರಿಸಿದ ಮೂಟೆಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಮಾತು ಕಮ್ಮಿ. ಮನೆತನದ ಮಾತುಗಳನ್ನೆಲ್ಲ ಅವನ ಅಣ್ಣ, ನಮ್ಮ ದೊಡ್ಡಪ್ಪನೇ ಆಡುತ್ತಿದ್ದ. ದೊಡ್ಡಪ್ಪನಿಗೆ ದಾವಣಗೆರೆಯಲ್ಲಿ ಹತ್ತಿಯ ದಲಾಲಿ ಅಂಗಡಿ, ಕೆ.ಬಿ. ಬಡಾವಣೆಯಲ್ಲಿ ಮನೆ. ನಾನು ಹೈಸ್ಕೂಲು ಮುಗಿಸಿದ್ದೂ ಅವನ ಮನೆಯಲ್ಲಿದ್ದುಕೊಂಡೇ. ಕೆಟ್ಟವನಲ್ಲ. ಇಡೀ ಮನೆತನವನ್ನು ಹೆಗಲ ಮೇಲೆ ಹೊತ್ತುಕೊಂಡು, ಯಾವಾಗ ಯಾರು ಏನಂದುಬಿಡುತ್ತಾರೋ ಎಂದು ಹೆದರಿಕೊಂಡೇ ಬದುಕಿದ ಮನುಷ್ಯ.

ಅವನ ಹೆದರಿಕೆಗೆ ಆಗ ಕಾರಣವೂ ಇತ್ತು. ನನ್ನ ತಂಗಿಗೆ ಮಲೆಬೆನ್ನೂರಿನ ಗಂಡು ಗೊತ್ತಾಗುವುದರಲ್ಲಿತ್ತು. ಭತ್ತದ ಗದ್ದೆ ಇದ್ದ ಮನೆ, ಹುಡುಗ ಸೊಸೈಟಿಯಲ್ಲಿ ಗುಮಾಸ್ತ. ನನಗೆ ಗಂಡು ನೋಡುವುದನ್ನು ಮನೆಯವರು ಅಷ್ಟೊತ್ತಿಗೆ ಕೈಬಿಟ್ಟಿದ್ದರು. ಆಸ್ಪತ್ರೆಯಲ್ಲಿ ಕಂಡವರ ಮೈ ತೊಳೆಯುವ ಹುಡುಗಿ ಎಂದು ಬಂದವರು ಬಂದ ಹಾಗೆ ಎದ್ದು ಹೋಗಿದ್ದರು. ದೊಡ್ಡಪ್ಪ ಯೋಚನೆ ಮಾಡಿ ತೀರ್ಮಾನ ಹೇಳಿದ. ನಾನು ಹೋಗಬಹುದು. ಆದರೆ ತಂಗಿಯ ಕೊರಳಿಗೆ ತಾಳಿ ಬೀಳುವ ತನಕ, ನಾನು ಬೆಂಗಳೂರಿನಲ್ಲಿ ಟ್ರೈನಿಂಗಿನಲ್ಲಿದ್ದೇನೆ ಎಂದೇ ಎಲ್ಲರೂ ಹೇಳಬೇಕು. ಅಲ್ಲಿಂದ ನಾನು ಬರೆಯುವ ಕಾಗದಗಳು ಅವನ ಅಂಗಡಿಯ ವಿಳಾಸಕ್ಕೆ ಬರಬೇಕು. ಮನೆಗೆ ಬಂದರೆ ಪೋಸ್ಟ್‌ಮ್ಯಾನ್ ಸ್ಟಾಂಪು ನೋಡುತ್ತಾನೆ.

ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದನ್ನು ಎಲ್ಲರೂ ಒಪ್ಪಿಗೆ ಎಂದು ತಿಳಿದರು. ನಾನೂ ಹಾಗೆಯೇ ತಿಳಿದೆ, ಒಂದೆರಡು ವಾರ.

ತಯಾರಿ ಶುರುವಾಯಿತು. ಅಲ್ಲಿ ಚಳಿ ಹೇಗಿರುತ್ತದೆ ಎಂದು ನಮಗಾರಿಗೂ ಗೊತ್ತಿರಲಿಲ್ಲ. ನರ್ಸಮ್ಮ ಓವರ್‌ಕೋಟು ಬೇಕೇ ಬೇಕು ಅಂದಿದ್ದರು. ದಾವಣಗೆರೆಯಲ್ಲಿ ಹೆಂಗಸಿನ ಓವರ್‌ಕೋಟು ಎಲ್ಲಿ ಸಿಗಬೇಕು? ಕೊನೆಗೆ ಮಿಲಿಟರಿಯವರು ಹರಾಜು ಹಾಕಿದ ಹಳೇ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಖಾಕಿ ಕೋಟು ಸಿಕ್ಕಿತು. ಯಾವನೋ ಆರಡಿ ಸಿಪಾಯಿಯದು. ಚೌಕಿಪೇಟೆಯ ದರ್ಜಿ ಅದನ್ನು ಬಿಚ್ಚಿ, ಕತ್ತರಿಸಿ, ನನ್ನ ಅಳತೆಗೆ ಮತ್ತೆ ಹೊಲಿದುಕೊಟ್ಟ. ಹಿತ್ತಾಳೆ ಗುಂಡಿ ತೆಗೆದು ಕಪ್ಪು ಗುಂಡಿ ಹಾಕಿದ. ಆದರೂ ಅದಕ್ಕೆ ಕುದುರೆ ಲಾಯದ ವಾಸನೆ ಹೋಗಿರಲಿಲ್ಲ. ಅವ್ವ ಅದನ್ನು ಹೊಳೆಗೆ ಒಯ್ದು, ಸೀಗೆಪುಡಿ ಹಾಕಿ ಕಲ್ಲಿನ ಮೇಲೆ ತಿಕ್ಕಿದಳು. ನೀರು ಕುಡಿದ ಕೋಟು ಎಮ್ಮೆಗರುವಿನಷ್ಟು ಭಾರವಾಗಿತ್ತು. ತಂದು ಮನೆಯ ಮುಂದಿನ ಹಗ್ಗಕ್ಕೆ ಹರವಿದಳು.

ಪಕ್ಕದ ಮನೆಯವಳು ಬಂದಳು. ಹಗ್ಗ ಜಗ್ಗಿಸಿಕೊಂಡು ನೇತಾಡುತ್ತಿದ್ದ ಆ ಕೋಟನ್ನು ಮುಟ್ಟಿ, ಇದು ಯಾರಿಗೆ ಎಂದು ಕೇಳಿದಳು. ನಾನು ಒಳಗೆ ಕಿಟಕಿಯ ಹತ್ತಿರ ಕೂತು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದೆ. ಅವ್ವ ನನಗೆ ಅಂದಳು. ಬೆಂಗಳೂರಿನಲ್ಲಿ ಟ್ರೈನಿಂಗ್ ಇದೆ, ಅಲ್ಲಿ ಭಾಳ ಚಳಿಯಂತೆ ಅಂದಳು. ಆ ಹೆಂಗಸಿನ ತವರು ಬೆಂಗಳೂರಿನ ಕಡೆ. ಇಂಥ ಕೋಟು ಹಾಕುವ ಚಳಿ ಅಲ್ಲಿ ಯಾವ ಬೀದಿಯಲ್ಲಿದೆ, ಯಾವ ಆಸ್ಪತ್ರೆ, ಯಾರ ಮನೆಯಲ್ಲಿ ಇರುತ್ತಾಳೆ ಎಂದು ಒಂದೊಂದಾಗಿ ಕೇಳುತ್ತ ಹೋದಳು. ಅವ್ವ ಒದ್ದೆ ಸೆರಗನ್ನು ಹಿಂಡುತ್ತ ನಿಂತಳು. ಹಿಂಡಿದ್ದನ್ನೇ ಹಿಂಡಿದಳು. ಆ ಹೆಂಗಸು ನಗುತ್ತ ಹೋದಳು.

ಅವ್ವ ಒಳಗೆ ಬಂದು ನನ್ನನ್ನು ನೋಡಲಿಲ್ಲ. ಒಲೆಯ ಮುಂದೆ ಕೂತು ಊದುಕೊಳವೆ ಹಿಡಿದಳು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ನನಗೆ ಸಿಟ್ಟು ಬಂದದ್ದು ಆಗ. ನಾನೇನು ಕಳ್ಳತನ ಮಾಡಿದ್ದೆ? ಪರೀಕ್ಷೆ ಪಾಸು ಮಾಡಿದ್ದೆ, ಅರ್ಜಿ ಹಾಕಿದ್ದೆ, ಸೀಟು ತಗೊಂಡಿದ್ದೆ. ನಾನು ಹಡಗು ಹತ್ತಿ ದೂರ ಹೋಗಿಬಿಡುತ್ತೇನೆ. ಇಲ್ಲಿ ಉಳಿಯುವ ಅವ್ವ ಹೊಳೆಯಲ್ಲಿ, ಬಾವಿಯ ಹತ್ತಿರ, ಹಿಟ್ಟಿನ ಗಿರಣಿಯ ಮುಂದೆ, ನನ್ನ ಹೆಸರು ಬಂದಲ್ಲೆಲ್ಲ ಸೆರಗು ಹಿಂಡುತ್ತ ನಿಲ್ಲಬೇಕು. ತಲೆ ತಗ್ಗಿಸುವ ಕೆಲಸವನ್ನು ಅವಳಿಗೆ ವಹಿಸಿ ನಾನು ಹೋಗುವುದಾದರೆ ಹೋಗುವುದೇ ಬೇಡ ಅನ್ನಿಸಿತು. ಹೋಗುವುದಂತೂ ಖಂಡಿತ. ಹಾಗಾದರೆ ಬಿಡಬೇಕಾದದ್ದು ಸುಳ್ಳನ್ನು.

ಅದೇ ವಾರ ಟ್ರಂಕು ತರಲು ದಾವಣಗೆರೆಗೆ ಹೋದೆ. ಟ್ರಂಕನ್ನು ದೊಡ್ಡಪ್ಪನೇ ಕೊಂಡು ಅಂಗಡಿಯಲ್ಲಿ ಇಟ್ಟಿದ್ದ. ದಪ್ಪ ತಗಡು, ಕರಿ ಬಣ್ಣ, ಎರಡು ಕಡೆ ಹಿಡಿಕೆ. ಹಡಗಿನ ಕಂಪನಿಯವರು, ಪ್ರತಿ ಪೆಟ್ಟಿಗೆಯ ಮೇಲೂ ಹೆಸರು ಮತ್ತು ಇಳಿಯುವ ಊರನ್ನು ಬಣ್ಣದಲ್ಲಿ ದೊಡ್ಡದಾಗಿ ಬರೆಸಿರಬೇಕು ಎಂದು ತಿಳಿಸಿದ್ದರು. ದೊಡ್ಡಪ್ಪ ಅದಕ್ಕೂ ದಾರಿ ಹುಡುಕಿದ್ದ. ಮುಂಬಯಿಗೆ ಹೋದ ಮೇಲೆ ಅಲ್ಲಿಯೇ ಯಾರ ಕೈಲಾದರೂ ಬರೆಸು, ಇಲ್ಲಿ ಬೇಡ ಅಂದ. ನಾನು ಹಮಾಲಿಯ ಕೈಗಾಡಿಯ ಮೇಲೆ ಟ್ರಂಕು ಹೇರಿಸಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ. ದಾರಿಯಲ್ಲಿ ಅಂಗಡಿಗಳಿಗೆ, ಸಿನಿಮಾಗಳಿಗೆ ಬೋರ್ಡು ಬರೆಯುವ ಪೇಂಟರ್ ಒಬ್ಬನಿದ್ದ. ರಸ್ತೆಯ ಪಕ್ಕದಲ್ಲೇ, ಬೇವಿನ ಮರದ ಕೆಳಗೆ ಅವನ ಕೆಲಸ. ಅವನ ಮುಂದೆ ಗಾಡಿ ನಿಲ್ಲಿಸಿದೆ.

ಮೇಲಿನ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ನನ್ನ ಹೆಸರು, ಕೆಳಗೆ ಲಂಡನ್ ಎಂದು ಬರೆಯಲು ಹೇಳಿದೆ. ನಾನು ಸೇರಬೇಕಾದ ಆಸ್ಪತ್ರೆ ಇದ್ದದ್ದು ಬೇರೆ ಸಣ್ಣ ಊರಲ್ಲಿ, ಆದರೆ ಹಡಗು ಇಳಿಸುವುದು ಲಂಡನ್ನಿನಲ್ಲಿ. ಬಿಳಿ ಬಣ್ಣದಲ್ಲಿ ಅಚ್ಚುಕಟ್ಟಾಗಿ ಬರೆದ. ಕುಂಚ ಒರೆಸಿಕೊಳ್ಳುತ್ತಿದ್ದವನಿಗೆ, ಇನ್ನು ಮುಂದಿನ ಮೈಮೇಲೆ ಇದನ್ನೇ ಕನ್ನಡದಲ್ಲಿ ಬರೀರಿ, ಇದಕ್ಕಿಂತ ದೊಡ್ಡದಾಗಿ ಅಂದೆ.

ಅವನು ತಲೆ ಎತ್ತಿ ನೋಡಿದ. "ಕನ್ನಡದಾಗೆ ಯಾಕ ತಂಗಿ? ಅಲ್ಲಿ ಯಾರು ಓದ್ತಾರೆ?"

"ಅಲ್ಲಿಯವರಿಗೆ ಅಲ್ರಿ," ಅಂದೆ. "ಇಲ್ಲಿಯವರಿಗೆ."

ಅವನಿಗೆ ಅರ್ಥವಾಯಿತೋ ಇಲ್ಲವೋ, ಕೆಲಸವನ್ನು ಮಾತ್ರ ಮನಸ್ಸಿಟ್ಟು ಮಾಡಿದ. ಸಿನಿಮಾ ಬೋರ್ಡಿನ ಅಕ್ಷರದ ಹಾಗೆ, ಪ್ರತಿ ಅಕ್ಷರಕ್ಕೂ ಪಕ್ಕದಲ್ಲಿ ಕೆಂಪು ನೆರಳು ಕೊಟ್ಟ. ನಾನು ನೆರಳು ಕೇಳಿರಲಿಲ್ಲ. ನೋಡುತ್ತಿದ್ದಂತೆ ಸುತ್ತ ಜನ ಸೇರಿದರು. ಒಬ್ಬ ಓದಿದ, ಇನ್ನೊಬ್ಬ ಯಾರ ಮಗಳು ಎಂದು ಕೇಳಿದ. ಯಾರೋ ದೊಡ್ಡಪ್ಪನ ಅಂಗಡಿಯ ಹೆಸರು ಹೇಳಿದರು. ನಾನು ನೆಟ್ಟಗೆ ನಿಂತಿದ್ದೆ. ಎಷ್ಟೋ ದಿನದ ಮೇಲೆ ಮೈ ಹಗುರವಾಗಿತ್ತು.

ಬಸ್ಸಿನ ಮೇಲೆ ಟ್ರಂಕನ್ನು ಏರಿಸುವಾಗ ಬಣ್ಣ ಇನ್ನೂ ಆರಿರಲಿಲ್ಲ. ಅದಕ್ಕೇ ಕನ್ನಡದ ಮೈ ಹೊರಗೆ ಕಾಣುವ ಹಾಗೆ, ಯಾವುದಕ್ಕೂ ತಾಗದಂತೆ ಅಂಚಿನಲ್ಲಿ ಕಟ್ಟಿಸಿದೆ. ದಾವಣಗೆರೆಯಿಂದ ಹರಿಹರದ ತನಕ ಬಸ್ಸು ನಿಂತಲ್ಲೆಲ್ಲ ಜನ ಕತ್ತೆತ್ತಿ ಓದಿದರು. ಒಬ್ಬ ಮುದುಕ, ಈ ಬಸ್ಸು ಯಾವಾಗಿನಿಂದ ಅಷ್ಟು ದೂರ ಹೋಗುತ್ತದೆ ಎಂದು ಕಂಡಕ್ಟರನನ್ನು ಕೇಳಿದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಹರಿಹರದಲ್ಲಿ ಇಳಿದಾಗ ಅಪ್ಪ ಎಂದಿನಂತೆ ಟಿಕೆಟ್ ಪುಸ್ತಕ ಹಿಡಿದು ನಿಂತಿದ್ದ. ಬಸ್ಸಿನ ಕಡೆ ಬಂದವನು ಮೇಲೆ ನೋಡಿದ. ಓದಿದ. ಅವನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಊರನ್ನೆಲ್ಲ ಎದುರಿಸಿ ಬಂದವಳಿಗೆ ಅದೊಂದು ಮುಖ ಕಷ್ಟವಾಯಿತು. ಟ್ರಂಕು ಇಳಿಸಲು ಹಮಾಲಿ ಏಣಿ ಹತ್ತಿದ. ಸುತ್ತ ನಿಂತವರೆಲ್ಲ ಅಪ್ಪ ಏನನ್ನುತ್ತಾನೆ ಎಂದು ಕಾಯುತ್ತಿದ್ದರು.

"ಹುಷಾರಪ್ಪ," ಅಂದ ಅಪ್ಪ. "ಬಣ್ಣ ಹಸಿ ಐತೆ. ಅಕ್ಷರಕ್ಕೆ ಕೈ ಹಚ್ಚಬ್ಯಾಡ."

ಅಷ್ಟೇ. ತಾನೇ ಕೆಳಗೆ ನಿಂತು ಎರಡೂ ಕೈಯಿಂದ ಟ್ರಂಕನ್ನು ಹಿಡಿದುಕೊಂಡ.

ಮರುದಿನ ಬೆಳಿಗ್ಗೆಯೇ ದೊಡ್ಡಪ್ಪ ಬಂದ. ಕೈಯಲ್ಲಿ ಸೀಮೆಎಣ್ಣೆಯ ಬಾಟಲಿ. ಹಳೇ ಬಟ್ಟೆ ಕೊಡು ಎಂದು ಅವ್ವನನ್ನು ಕೇಳಿದ. ನಾನು ಪಡಸಾಲೆಯಲ್ಲಿದ್ದ ಟ್ರಂಕಿಗೆ ಅಡ್ಡ ಹೋಗಿ ಅದರ ಮುಂದೆ ನೆಲದ ಮೇಲೆ ಕೂತೆ. ದೊಡ್ಡಪ್ಪ ಏಳು ಅಂದ. ಏಳುವುದಿಲ್ಲ ಅಂದೆ. ಅವನ ಮುಂದೆ ಆ ಮಾತನ್ನು ನಾನು ಅಂದದ್ದು ಅದೇ ಮೊದಲು. ಮನೆತನದ ಮರ್ಯಾದೆ, ತಂಗಿಯ ಮದುವೆ, ಅವನು ನನಗೆ ಮಾಡಿದ ಉಪಕಾರ, ಎಲ್ಲ ಹೇಳಿದ. ಎಲ್ಲವೂ ನಿಜವೇ. ನಾನು ಕೇಳುತ್ತ ಕೂತಿದ್ದೆ, ಆದರೆ ಎದ್ದೇಳಲಿಲ್ಲ.

ಕೊನೆಗೆ ಅಪ್ಪ ಬಾಗಿಲ ಹತ್ತಿರದಿಂದ, "ಇರ್ಲಿ ಬಿಡಣ್ಣ. ಓದಿದೋರು ಓದ್ಯಾರೆ. ಈಗ ಒರೆಸಿದ್ರೆ ಒರೆಸಿದ್ದನ್ನೂ ಓದ್ತಾರೆ," ಅಂದ.

ದೊಡ್ಡಪ್ಪ ಬಾಟಲಿಯನ್ನು ಗೂಡಿನಲ್ಲಿಟ್ಟು, ನೀರೂ ಕುಡಿಯದೆ ಹೋದ.

ಆ ಬಸ್ಸು ಹರಿಹರದಿಂದ ಮಲೆಬೆನ್ನೂರಿಗೆ ಹೋಗುತ್ತಿತ್ತು ಎಂದೆನಲ್ಲ, ಸುದ್ದಿಯೂ ಅದರಲ್ಲೇ ಕೂತು ಹೋಯಿತು. ಎರಡು ದಿನ ಬಿಟ್ಟು ಹುಡುಗನ ತಾಯಿ ತನ್ನ ತಮ್ಮನನ್ನು ಕರೆದುಕೊಂಡು ಬಂದಳು. ದೊಡ್ಡಪ್ಪನಿಗೂ ಹೇಳಿಕಳಿಸಿದ್ದರು, ಅವನೂ ಬಂದ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸಿದೆವು. ಟ್ರಂಕು ಅಲ್ಲೇ ಗೋಡೆಗೆ ಇತ್ತು. ಅವ್ವ ಅದರ ಮೇಲೊಂದು ಚಾದರ ಹೊದಿಸಲು ಹೋದಳು. ನಾನು ಚಾದರವನ್ನು ಮಡಚಿ ಒಳಗಿಟ್ಟೆ.

ಹುಡುಗನ ತಾಯಿ ಗಟ್ಟಿ ಹೆಂಗಸು. ಮಾತು ಸುತ್ತು ಬಳಸಲಿಲ್ಲ. ನಾನು ಪರದೇಶಕ್ಕೆ ಹೋಗುವುದು ಹೌದೇ ಎಂದು ನನ್ನನ್ನೇ ಕೇಳಿದಳು. ಹೌದ್ರಿ ಅಂದೆ. ಅಲ್ಲಿ ಗಂಡಸರ ವಾರ್ಡಿನಲ್ಲೂ ಕೆಲಸ ಮಾಡಬೇಕೇ ಎಂದಳು. ಮಾಡಬೇಕ್ರಿ ಅಂದೆ. ಅವಳು ದೊಡ್ಡಪ್ಪನ ಕಡೆ ತಿರುಗಿದಳು. ನಮ್ಮ ಮನೆತನದ ಮೇಲೆ ತಮಗೆ ಗೌರವವಿದೆ, ಹುಡುಗಿಯೂ ಒಪ್ಪಿಗೆ. ಆದರೆ ದೊಡ್ಡವಳು ಹೋಗುವುದನ್ನು ನಿಲ್ಲಿಸಬೇಕು. ಇಲ್ಲವಾದರೆ, ಅವಳಿಗೂ ನಮಗೂ ಸಂಬಂಧವಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಬೇಕು. ಎರಡರಲ್ಲಿ ಒಂದಾದರೆ ಮದುವೆಗೆ ದಿನ ನೋಡೋಣ ಅಂದಳು.

ದೊಡ್ಡಪ್ಪ ಗದ್ದಕ್ಕೆ ಕೈ ಕೊಟ್ಟು ಕೂತ. ಎರಡನೆಯದನ್ನು ತೂಗಿ ನೋಡುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಬಾಯಿ ಮಾತಿಗೆ ಹೇಳಿದರಾಯಿತು, ಮದುವೆ ಮುಗಿದರೆ ಎಲ್ಲ ಸರಿಹೋಗುತ್ತದೆ ಎಂದು ಅವನ ಲೆಕ್ಕ.

ಆಗ ನನ್ನ ತಂಗಿ ಚಹದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಬಗ್ಗೆ ಒಂದು ಮಾತು ಹೇಳಬೇಕು. ನಾನು ಟ್ರಂಕು ತಂದ ದಿನದಿಂದ ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಳು. ಹುಡುಗನನ್ನು ಎರಡು ಸಲ ನೋಡಿದ್ದಳು, ಮನಸ್ಸಿಗೆ ಬಂದಿದ್ದ. ಹತ್ತೊಂಬತ್ತರ ಹುಡುಗಿ, ನನಗಿಂತ ಮೆತ್ತಗಿನವಳು ಎಂದು ಎಲ್ಲರೂ ತಿಳಿದಿದ್ದರು. ತಟ್ಟೆಯನ್ನು ನೆಲದ ಮೇಲಿಟ್ಟಳು. ಕೂರಲಿಲ್ಲ.

"ಅಕ್ಕ ಬರೆಸ್ಕಂಡು ಬರೋವಾಗ ನನ್ನ ಒಂದು ಮಾತು ಕೇಳ್ಲಿಲ್ಲ," ಅಂದಳು. "ನೀವು ಯಾರೂ ಈಗ್ಲೂ ನನ್ನ ಕೇಳ್ತಿಲ್ಲ. ಲಗ್ನ ನಂದು."

ದೊಡ್ಡಪ್ಪ ಸುಮ್ಮನಿರು ಎಂದು ಕೈ ಮಾಡಿದ. ಅವಳು ಅವನನ್ನು ನೋಡದೆ ಹುಡುಗನ ತಾಯಿಗೇ ಹೇಳಿದಳು.

"ಅಕ್ಕ ಹೋಗ್ತಾಳ್ರಿ. ಅವಳು ನಮಗೆ ಯಾರೂ ಅಲ್ಲ ಅಂತ ನಮ್ಮನೇಲಿ ಯಾರೂ ಅನ್ನಾಂಗಿಲ್ಲ. ಹಿಂಗಿದ್ರೆ ನಿಮ್ಮ ಮಗ ಏನಂತಾರೆ, ಅದನ್ನ ಅವರೇ ಬಂದು ನನ್ನ ಮುಂದೆ ಹೇಳ್ಲಿ. ಬ್ಯಾಡ ಅಂದ್ರೂ ಸೈ. ಆದ್ರೆ ಅವರ ಬಾಯಿಂದ ಕೇಳ್ಬೇಕು ನಾನು."

ಆ ತಾಯಿ ತಂಗಿಯನ್ನು ಬಹಳ ಹೊತ್ತು ನೋಡಿದಳು. ನನಗೆ ಅವಳ ಕಣ್ಣಲ್ಲಿ ಸಿಟ್ಟು ಕಾಣಲಿಲ್ಲ; ಇಂಥ ಸೊಸೆ ಬೇಕಾಗಿತ್ತು ಅನ್ನುವಂಥದ್ದೇನೋ ಇತ್ತು ಎಂದು ಇಂದಿಗೂ ಅನ್ನಿಸುತ್ತದೆ. ಚಹ ಕುಡಿದಳು, ಲೋಟ ಕೆಳಗಿಟ್ಟಳು, ಮಗನಿಗೆ ಹೇಳುತ್ತೇನೆ ಎಂದು ಎದ್ದಳು.

ಹುಡುಗ ಬರಲಿಲ್ಲ. ಮಲೆಬೆನ್ನೂರಿನ ಬಸ್ಸು ಬರುವ ಹೊತ್ತಿಗೆ ತಂಗಿ ತಲೆ ಬಾಚಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಅಪ್ಪ ಬಸ್ ಸ್ಟ್ಯಾಂಡಿನಿಂದ ಮನೆಗೆ ಬಂದಾಗ ಅವಳ ಮುಖ ನೋಡುತ್ತಿರಲಿಲ್ಲ. ಹೀಗೆ ಕೆಲವು ದಿನ ನಡೆಯಿತು. ಬೇಡ ಎಂಬ ಮಾತು ಕೂಡ ಅಲ್ಲಿಂದ ಬರಲಿಲ್ಲ. ಒಂದು ದಿನ ಅವಳು ತಲೆ ಬಾಚಿಕೊಳ್ಳದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ನಾನು ಎರಡು ದಿನದಿಂದ ತುಂಬಿಟ್ಟಿದ್ದ ಟ್ರಂಕನ್ನು ಪೂರಾ ಖಾಲಿ ಮಾಡಿದಳು. ಹೀಗೆ ತುಂಬಿದರೆ ಅರ್ಧ ಸಾಮಾನೂ ಹಿಡಿಯುವುದಿಲ್ಲ ಅಂದಳು. ಆ ಟ್ರಂಕು ಬಂದ ಮೇಲೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ತುಂಬುವ ಕೆಲಸವನ್ನು ಅವಳು ಯುದ್ಧದ ಹಾಗೆ ಮಾಡಿದಳು. ಸೀರೆಗಳನ್ನು ಮಡಚಲಿಲ್ಲ, ಬಿಗಿಯಾಗಿ ಸುರುಳಿ ಸುತ್ತಿದಳು. ಕೋಟನ್ನು ತಳಕ್ಕೆ ಹಾಸಿದಳು. ಅವ್ವ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿ ಕಟ್ಟಿಕೊಟ್ಟಳು. ನಿಂಬೆಕಾಯಿ ಉಪ್ಪಿನಕಾಯಿಯ ಭರಣಿ ಮಾತ್ರ ಎಲ್ಲಿಟ್ಟರೂ ತಗಡಿಗೆ ಬಡಿಯುತ್ತಿತ್ತು. ಒಡೆದರೆ ಬಟ್ಟೆಯೆಲ್ಲ ಎಣ್ಣೆ. ತಂಗಿ ಭಟ್ಟಿಯಿಂದ ಒಂದು ಚೀಲ ಮಂಡಕ್ಕಿ ತರಿಸಿ, ಭರಣಿಯ ಸುತ್ತ, ಚಪ್ಪಲಿಯ ಒಳಗೆ, ಸಂದಿ ಇದ್ದಲ್ಲೆಲ್ಲ ಸುರಿದಳು. ನಾವು ಮೂವರೂ ತುಂಬುತ್ತ ತಿಂದೆವು, ತಿನ್ನುತ್ತ ತುಂಬಿದೆವು. ಬೀದಿಯ ಹೆಂಗಸರು ಬಂದು ನೋಡಿದರು. ಅಲ್ಲಿ ಏನು ಕುಡಿಸುತ್ತಾರೋ, ಏನು ತಿನ್ನಿಸುತ್ತಾರೋ, ತಿರುಗಿ ಬಂದಾಗ ನಮ್ಮ ಹಾಗೆ ಇರುತ್ತಾಳೋ ಎಂದರು. ಪಕ್ಕದ ಮನೆಯವಳೂ ಬಂದು, ಈಗ ಚಳಿ ಯಾವ ಬೀದಿಯದು ಎಂದು ಗೊತ್ತಾಯಿತು ಅಂದಳು. ಅವ್ವ ತಲೆ ತಗ್ಗಿಸಲಿಲ್ಲ. ಲಂಡನ್ನಿಂದು, ನೀ ನೋಡಿಲ್ಲ ಎಂದು ಹೇಳಿ, ಅವಳ ಕೈಗೂ ಒಂದು ಹಿಡಿ ಮಂಡಕ್ಕಿ ಕೊಟ್ಟಳು.

ಟ್ರಂಕಿನ ಬಾಯಿ ಮುಚ್ಚುವಾಗ ತಂಗಿ ಅದರ ಮೇಲೆ ಹತ್ತಿ ಕೂತಳು. ನಾನು ಕೆಳಗೆ ಮೊಣಕಾಲೂರಿ ಕೊಂಡಿ ಸಿಕ್ಕಿಸುತ್ತಿದ್ದೆ.

"ಮೊದ್ಲೇ ಕೇಳಿದ್ರೆ ನಾನು ಬರೆಸ್ಬ್ಯಾಡ ಅಂತಿದ್ದೆ," ಅಂದಳು.

"ಅಂದಿದ್ರೂ ಬರೆಸ್ತಿದ್ದೆ," ಅಂದೆ.

"ಅದು ಗೊತ್ತು. ಆದ್ರೂ ಕೇಳ್ಬೇಕಾಗಿತ್ತು."

ಈ ವಿಷಯದಲ್ಲಿ ನಾವಿಬ್ಬರೂ ಇಂದಿಗೂ ಒಂದಾಗಿಲ್ಲ. ಅವಳು ಮುಂದಿನ ವರ್ಷ ಟೀಚರ್ ಟ್ರೈನಿಂಗ್ ಸೇರಿದಳು, ದೊಡ್ಡಪ್ಪ ಬೇಡ ಅಂದರೂ. ದಾವಣಗೆರೆಯ ಶಾಲೆಯೊಂದರಲ್ಲಿ ಕೆಲಸ ಹಿಡಿದು, ಇಪ್ಪತ್ತೇಳಕ್ಕೆ ತಾನೇ ಮಾತಾಡಿ ಒಪ್ಪಿದ ಒಬ್ಬ ಮೇಷ್ಟರನ್ನು ಮದುವೆಯಾದಳು. ನಾನು ಕಲಿತು ಬಂದು ಇದೇ ಊರುಗಳಲ್ಲಿ ಸಾವಿರ ಹೆರಿಗೆ ಮಾಡಿಸಿದೆ. ಅವಳ ಇಬ್ಬರು ಮಕ್ಕಳೂ ನನ್ನ ಕೈಗೇ ಹುಟ್ಟಿದವರು. ಬಾಣಂತನದ ಮಂಚದ ಮೇಲೆ ಮಲಗಿಕೊಂಡೂ ಅವಳು ಆ ಮಾತು ಎತ್ತಿದ್ದುಂಟು. ನೀನು ಕೇಳಬೇಕಾಗಿತ್ತು ಅನ್ನುತ್ತಾಳೆ. ಕೇಳಿ ಬಿಟ್ಟುಬಿಡುವ ಕೆಲಸ ಅದಾಗಿರಲಿಲ್ಲ ಅನ್ನುತ್ತೇನೆ. ನಾನು ಸೋಲುವುದಿಲ್ಲ, ಅವಳೂ ಬಿಡುವುದಿಲ್ಲ.

ಹೊರಟದ್ದು ಬೆಳಗಿನ ಗಾಡಿಗೆ. ಹುಬ್ಬಳ್ಳಿ, ಪುಣೆಯ ಮೇಲೆ ಮುಂಬಯಿಗೆ ಹೋಗಬೇಕು, ಅಲ್ಲಿಯ ತನಕ ಅಪ್ಪ ಜೊತೆಗೆ ಬರುವವನಿದ್ದ. ಹರಿಹರದ ಸ್ಟೇಷನ್ನಿಗೆ ಅವ್ವ, ತಂಗಿ ಬಂದರು. ಬೀದಿಯವರೂ ಒಂದಿಷ್ಟು ಜನ ಬಂದರು, ಅವರಲ್ಲಿ ಎಷ್ಟು ಜನ ಕಳಿಸಲು, ಎಷ್ಟು ಜನ ನೋಡಲು ಎಂದು ಹೇಳಲಾರೆ. ದೊಡ್ಡಪ್ಪನಿಗೆ ಅಪ್ಪ ಹೇಳಿಕಳಿಸಿದ್ದ. ಬರುತ್ತೇನೆ ಎಂದಾಗಲಿ ಇಲ್ಲ ಎಂದಾಗಲಿ ಅವನಿಂದ ಉತ್ತರ ಬಂದಿರಲಿಲ್ಲ. ಅವ್ವ ರಸ್ತೆಯ ಕಡೆ ನೋಡುತ್ತಲೇ ಇದ್ದಳು.

ಗಾಡಿ ದಾವಣಗೆರೆಯ ಕಡೆಯಿಂದ ಬಂತು. ಮೂರನೆಯ ದರ್ಜೆಯ ಡಬ್ಬಿಗಳು ಬಾಗಿಲಲ್ಲೂ ಜನ ತುಂಬಿಕೊಂಡೇ ಬಂದವು. ಕೂರಲು ಎಲ್ಲಿ ಜಾಗ ಸಿಗುತ್ತದೆ ಎಂದು ಅಪ್ಪ ಓಡಾಡುವಷ್ಟರಲ್ಲಿ, ಒಂದು ಕಿಟಕಿಯಿಂದ ಯಾರೋ ಅವನ ಹೆಸರು ಹಿಡಿದು ಕರೆದರು. ದೊಡ್ಡಪ್ಪ. ದಾವಣಗೆರೆಯಲ್ಲೇ ಹತ್ತಿ, ಕಿಟಕಿಯ ಪಕ್ಕ ಎರಡು ಸೀಟು ಹಿಡಿದು, ಒಂದರ ಮೇಲೆ ತಾನು ಕೂತು ಇನ್ನೊಂದರ ಮೇಲೆ ತನ್ನ ಶಲ್ಯ ಹಾಸಿ ಬಂದಿದ್ದ. ದಾರಿಯಲ್ಲಿ ಆ ಸೀಟಿಗಾಗಿ ಯಾರ ಯಾರ ಜೊತೆ ಜಗಳಾಡಿದ್ದನೋ, ರುಮಾಲು ಒಂದು ಕಡೆಗೆ ಸರಿದಿತ್ತು.

ಟ್ರಂಕನ್ನು ಮುಂದೆ ತಳ್ಳಿಕೊಂಡು ನಾವು ಒಳಗೆ ನುಗ್ಗಿದೆವು. ಅವನು ಎದ್ದು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡ. ಕಾಲಿಗೆ ನಮಸ್ಕಾರ ಮಾಡಲು ಜಾಗವಿರಲಿಲ್ಲ, ಬಗ್ಗಿದ ಹಾಗೆ ಮಾಡಿದೆ.

"ಸೀಟು ಹಿಡ್ದೀನಿ ಅಂತ ನಾನು ಒಪ್ಪೀನಿ ಅನ್ಕಬ್ಯಾಡ," ಅಂದ. "ನೀ ಮಾಡಿದ್ದು ತಪ್ಪೇ."

"ಆಗ್ಲಿ ದೊಡ್ಡಪ್ಪ. ನೀವು ಒಪ್ಪಬ್ಯಾಡ್ರಿ," ಅಂದೆ.

ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತೆ. ಅವನು ಜನರನ್ನು ಸರಿಸುತ್ತ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ಅವ್ವನ ಪಕ್ಕ ಹೋಗಿ ನಿಂತು, ಕೈ ಹೊರಗೆ ಹಾಕಬೇಡ ಎಂದು ಅಲ್ಲಿಂದಲೇ ಸನ್ನೆ ಮಾಡಿದ. ಗಾಡಿ ಹೊರಟಿತು.